ಗಣಕ ದತ್ತಾಂಶದ ಅಳತೆಗಳು ಮತ್ತು ಅವುಗಳ ಪರಿವರ್ತನೆ

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಮಳೆಗಾಲದಲ್ಲಿ ಬರುವ ಪಕ್ಷಿವೀಕ್ಷಕರು ತಮ್ಮ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ 64 ಜಿಬಿ ಎಂದು ಅಚ್ಚಾದ ಮೆಮೊರಿ ಕಾರ್ಡನ್ನು ಬಳಸುತ್ತಾರೆ. ಅದೇ ಕಾರ್ಡನ್ನು ವಿಂಡೋಸ್ ಗಣಕಯಂತ್ರಕ್ಕೆ ಜೋಡಿಸಿದಾಗ ಅದರ ಒಟ್ಟು ಸಾಮರ್ಥ್ಯ 59.6 ಜಿಬಿ ಅಥವಾ ಅದಕ್ಕಿಂತ ತುಸು ಕಡಿಮೆ ಎಂದು ಕಾಣಿಸುತ್ತದೆ. ಉಳಿದ ನಾಲ್ಕೂವರೆ ಜಿಬಿ ಎಲ್ಲಿ ಹೋಯಿತೆಂಬ ಸಂಶಯ ಸಹಜವಾದುದು. ಅಂಗಡಿಯವರು ಮೋಸ ಮಾಡಿದರೆಂದು ಭಾವಿಸುವವರೂ ಇದ್ದಾರೆ. ವಾಸ್ತವವಾಗಿ ಕಾರ್ಡಿನಲ್ಲಿ ಏನೂ ಕಡಿಮೆಯಾಗಿರುವುದಿಲ್ಲ. ಒಂದೇ ಹೆಸರಿನ ಎರಡು ಬೇರೆ ಬೇರೆ ಅಳತೆಗಳು ಬಳಕೆಯಲ್ಲಿರುವುದೇ ಈ ವ್ಯತ್ಯಾಸಕ್ಕೆ ಕಾರಣವಾಗಿದೆ.

ಈ ವ್ಯತ್ಯಾಸವು ಛಾಯಾಗ್ರಾಹಕರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಅಂತರಜಾಲದ ಮೂಲಕ ಅರ್ಜಿ ಸಲ್ಲಿಸುವ ವಿದ್ಯಾರ್ಥಿಗೆ, ದಾಖಲೆಗಳನ್ನು ಸ್ಕ್ಯಾನ್ ಮಾಡಿಸುವ ಕಚೇರಿಗೆ, ಕನ್ನಡದಲ್ಲಿ ಸಂದೇಶ ಕಳುಹಿಸುವ ಸಂಸ್ಥೆಗೆ ಸಹ ಇದು ಎದುರಾಗುತ್ತದೆ. ಆದುದರಿಂದ ಸಾರ್ವಜನಿಕರ ತಿಳಿವಳಿಕೆಗಾಗಿ ದತ್ತಾಂಶದ ಅಳತೆಗಳನ್ನೂ ಅವುಗಳನ್ನು ಪರಿವರ್ತಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗಿದೆ.

ಬಿಟ್ ಮತ್ತು ಬೈಟ್

ಗಣಕಯಂತ್ರವು ಗುರುತಿಸುವ ಅತಿ ಚಿಕ್ಕ ಮಾಹಿತಿಯೆಂದರೆ 0 ಅಥವಾ 1. ಇದನ್ನು ಬಿಟ್ ಎನ್ನಲಾಗುತ್ತದೆ. ಈ ಪದವು ಕ್ಲಾಡ್ ಶಾನನ್ ಅವರು 1948ರಲ್ಲಿ ಪ್ರಕಟಿಸಿದ ಪ್ರಬಂಧದ ಮೂಲಕ ಪ್ರಚಾರಕ್ಕೆ ಬಂದಿತು; ಪದವನ್ನು ಸೂಚಿಸಿದವರು ಜಾನ್ ಟ್ಯೂಕಿ ಎಂದು ಶಾನನ್ ಅವರೇ ದಾಖಲಿಸಿದ್ದಾರೆ. ಎಂಟು ಬಿಟ್‌ಗಳ ಗುಂಪು ಒಂದು ಬೈಟ್. ಬೈಟ್ ಎಂಬ ಹೆಸರನ್ನು 1956ರಲ್ಲಿ ಐಬಿಎಂ ಸಂಸ್ಥೆಯ ವರ್ನರ್ ಬುಕೋಲ್ಟ್ಸ್ ಅವರು ಬಳಕೆಗೆ ತಂದರು. ಆರಂಭದಲ್ಲಿ ಬೈಟಿನ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿದ್ದಿತು. 1964ರಲ್ಲಿ ಘೋಷಿತವಾದ ಐಬಿಎಂ ಸಿಸ್ಟಂ 360 ಯಂತ್ರಗಳ ನಂತರ ಎಂಟು ಬಿಟ್ಟಿನ ಬೈಟು ಸ್ಥಿರವಾಯಿತು.

ಪರಿವರ್ತನೆಯ ಮೊದಲ ನಿಯಮವೂ ಇಷ್ಟೇ. ಬೈಟನ್ನು ಬಿಟ್ಟಿಗೆ ತರಲು 8ರಿಂದ ಗುಣಿಸಬೇಕು. ಬಿಟ್ಟನ್ನು ಬೈಟಿಗೆ ತರಲು 8ರಿಂದ ಭಾಗಿಸಬೇಕು.

ರೋಮನ್ ಲಿಪಿಯ ಸಂಕ್ಷೇಪದಲ್ಲಿ ಬೈಟಿಗೆ ದೊಡ್ಡ 'ಬಿ' ಅಕ್ಷರವನ್ನೂ ಬಿಟ್ಟಿಗೆ ಚಿಕ್ಕ 'ಬಿ' ಅಕ್ಷರವನ್ನೂ ಬಳಸುವ ರೂಢಿ ಇದೆ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. 'ಎಂಬಿ' ಎಂದು ಬರೆದರೆ ಅದು ಮೆಗಾಬೈಟೋ ಮೆಗಾಬಿಟ್ಟೋ ಎಂಬುದು ಓದುಗರಿಗೆ ತಿಳಿಯುವುದಿಲ್ಲ. ಎರಡರ ನಡುವಣ ಅಂತರ ಎಂಟು ಪಟ್ಟು. ಕನ್ನಡದ ಪ್ರಕಟಣೆಗಳಲ್ಲಿ ಸಂಶಯಕ್ಕೆ ಎಡೆಯಿರುವಲ್ಲೆಲ್ಲ ಪೂರ್ಣ ಪದವನ್ನೇ ಬರೆಯುವುದು ಸೂಕ್ತ. ಈ ಲೇಖನದಲ್ಲಿ ಕೆಬಿ, ಎಂಬಿ, ಜಿಬಿ ಎಂದಿರುವುದು ಬೈಟಿನ ಅಳತೆಯನ್ನೇ ಸೂಚಿಸುತ್ತದೆ.

ಒಂದು ಹೆಸರು, ಎರಡು ಅಳತೆ

ಮೆಟ್ರಿಕ್ ಪದ್ಧತಿಯಲ್ಲಿ ಕಿಲೋ ಎಂದರೆ ಸಾವಿರ. ಕಿಲೋಗ್ರಾಂ ಸಾವಿರ ಗ್ರಾಂ, ಕಿಲೋಮೀಟರ್ ಸಾವಿರ ಮೀಟರ್. ಆದರೆ ಗಣಕಯಂತ್ರದ ನೆನಪುಕೋಶದ ರಚನೆ ಹತ್ತರ ಲೆಕ್ಕವನ್ನು ಅನುಸರಿಸುವುದಿಲ್ಲ. ಕೋಶದ ವಿಳಾಸವನ್ನು ಸೂಚಿಸುವ ತಂತಿಗಳಲ್ಲಿ ಒಂದನ್ನು ಹೆಚ್ಚಿಸಿದಾಗಲೆಲ್ಲ ಗುರುತಿಸಬಹುದಾದ ಕೋಶಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಒಂದು ತಂತಿಗೆ 2, ಎರಡಕ್ಕೆ 4, ಮೂರಕ್ಕೆ 8, ಹೀಗೆ ಹತ್ತು ತಂತಿಗಳಿಗೆ 1,024. ಈ ಸಂಖ್ಯೆ ಸಾವಿರಕ್ಕೆ ಬಹಳ ಹತ್ತಿರವಿದ್ದುದರಿಂದ ತಂತ್ರಜ್ಞರು ಇದನ್ನೇ ಕಿಲೋ ಎಂದು ಕರೆದರು. ನೆನಪುಕೋಶಗಳು ಕೆಲವೇ ಕಿಲೋಬೈಟ್‌ಗಳಷ್ಟಿದ್ದ ಕಾಲದಲ್ಲಿ ನೂರಕ್ಕೆ 2.4ರ ಈ ವ್ಯತ್ಯಾಸದಿಂದ ಯಾರಿಗೂ ತೊಂದರೆಯಾಗಲಿಲ್ಲ.

ಎರಡೆರಡರ ಲೆಕ್ಕ ನಮ್ಮ ನಾಡಿಗೆ ಅಪರಿಚಿತವಲ್ಲ. ದಶಮಾನ ನಾಣ್ಯಪದ್ಧತಿ ಬರುವವರೆಗೆ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ ಇದ್ದವು. ಅರ್ಧ ರೂಪಾಯಿ ಎಂಟಾಣೆ, ಕಾಲು ರೂಪಾಯಿ ನಾಲ್ಕಾಣೆ. ಅರ್ಧಿಸುತ್ತ ಹೋದಂತೆ ಎಲ್ಲಿಯೂ ಭಿನ್ನರಾಶಿ ಬರುತ್ತಿರಲಿಲ್ಲ. ಪಹಣಿಯಲ್ಲಿ ಇಂದಿಗೂ ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ ಎಂಬ ಲೆಕ್ಕವಿದೆ. ಇವುಗಳಿಂದ ಗೊಂದಲ ಉಂಟಾಗದಿರಲು ಕಾರಣ, ಪ್ರತಿ ಅಳತೆಗೂ ಅದರದೇ ಹೆಸರಿರುವುದು. ಗುಡವಿ ಪಕ್ಷಿಧಾಮದ ವಿಸ್ತೀರ್ಣವನ್ನು 0.74 ಚದರ ಕಿಲೋಮೀಟರ್ ಎನ್ನಬಹುದು, 74 ಹೆಕ್ಟೇರ್ ಎನ್ನಬಹುದು, 180 ಎಕರೆಗಿಂತ ತುಸು ಹೆಚ್ಚು ಎನ್ನಬಹುದು, ಮೂರೂ ಒಂದೇ. ಒಂದೇ ಹೆಸರು ಎರಡು ಪ್ರಮಾಣಗಳಿಗೆ ಸಲ್ಲುವಾಗ ಮಾತ್ರ ವ್ಯಾಜ್ಯ ಹುಟ್ಟುತ್ತದೆ. ಹಿಂದೆ ಸಂತೆಯಲ್ಲಿ ಸೇರು ಎಂದೊಡನೆ ಕಚ್ಚಾ ಸೇರೋ ಪಕ್ಕಾ ಸೇರೋ ಎಂದು ಕೇಳಬೇಕಾಗಿದ್ದುದು ಈ ಕಾರಣಕ್ಕಾಗಿಯೇ.

1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ಪೈಸೆಗಳ ಪದ್ಧತಿ ಜಾರಿಗೆ ಬಂದಾಗ ಸರ್ಕಾರವು ಹೊಸ ಪೈಸೆಗೆ 'ನಯಾ ಪೈಸೆ' ಎಂದು ಹೆಸರಿಟ್ಟಿತು. ಹಳೆಯ ಪೈಸೆ ರೂಪಾಯಿಯ 64ರಲ್ಲಿ ಒಂದು ಭಾಗ, ಹೊಸದು ನೂರರಲ್ಲಿ ಒಂದು ಭಾಗ. ಜನರಿಗೆ ಹೊಸ ಲೆಕ್ಕ ರೂಢಿಯಾದ ಮೇಲೆ 1964ರಲ್ಲಿ 'ನಯಾ' ಎಂಬ ವಿಶೇಷಣವನ್ನು ಕೈಬಿಡಲಾಯಿತು.

ಗಣಕ ಕ್ಷೇತ್ರದಲ್ಲಿಯೂ ಇಂತಹುದೇ ಪರಿಹಾರವನ್ನು ಸೂಚಿಸಲಾಗಿದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗವು 1999ರ ಜನವರಿಯಲ್ಲಿ ಪ್ರಕಟಿಸಿದ ಮಾನಕದಲ್ಲಿ 1,024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ, ಟೆಬಿ ಮೊದಲಾದ ಪ್ರತ್ಯೇಕ ಹೆಸರುಗಳನ್ನು ನೀಡಿತು. ಕಿಲೋ, ಮೆಗಾ, ಗಿಗಾ, ಟೆರಾ ಎಂಬವು ಸಾವಿರದ ಲೆಕ್ಕಕ್ಕೆ ಮಾತ್ರ ಸಲ್ಲತಕ್ಕವು ಎಂಬುದು ಇದರ ತಾತ್ಪರ್ಯ. ಇಲ್ಲಿ ಹೊಸ ಹೆಸರು ದೊರೆತಿರುವುದು 1,024ರ ಲೆಕ್ಕಕ್ಕೆ. ಆದರೆ ನಯಾ ಪೈಸೆಗೆ ದೊರೆತ ಬಳಕೆ ಕಿಬಿ, ಮೆಬಿಗಳಿಗೆ ದೊರೆಯಲಿಲ್ಲ. ಲಿನಕ್ಸ್‌ನ ಹಲವು ತಂತ್ರಾಂಶಗಳು ಇವುಗಳನ್ನು ಬಳಸುತ್ತವೆ. ವಿಂಡೋಸ್ ಮಾತ್ರ 1,024ರಿಂದ ಭಾಗಿಸಿ, ಬಂದ ಉತ್ತರದ ಮುಂದೆ ಜಿಬಿ ಎಂದೇ ತೋರಿಸುತ್ತದೆ. ಆಪಲ್ ಸಂಸ್ಥೆಯು 2009ರಲ್ಲಿ ಬಿಡುಗಡೆಯಾದ ಮ್ಯಾಕ್ ಓಎಸ್ ಎಕ್ಸ್ 10.6 ಆವೃತ್ತಿಯಿಂದ ಸಾವಿರದ ಲೆಕ್ಕಕ್ಕೆ ಬದಲಾಯಿಸಿಕೊಂಡಿತು. ಹೀಗಾಗಿ ಒಂದೇ ಪೆನ್ ಡ್ರೈವ್ ಎರಡು ಗಣಕಯಂತ್ರಗಳಲ್ಲಿ ಎರಡು ಗಾತ್ರಗಳನ್ನು ತೋರಿಸುತ್ತದೆ.

ಹಾರ್ಡ್ ಡಿಸ್ಕ್, ಪೆನ್ ಡ್ರೈವ್, ಮೆಮೊರಿ ಕಾರ್ಡ್ ತಯಾರಕರು ಸಾವಿರದ ಲೆಕ್ಕವನ್ನು ಅನುಸರಿಸುತ್ತಾರೆ. ಇದು ಅವರಿಗೆ ಲಾಭಕರವೆಂಬುದು ನಿಜ. ಆದರೆ ಅಂತರರಾಷ್ಟ್ರೀಯ ಮಾನ ಪದ್ಧತಿಯ ಪ್ರಕಾರ ಅದೇ ಸರಿಯಾದ ಲೆಕ್ಕ. ಭಾರತದ ಕಾನೂನು ಮಾಪನಶಾಸ್ತ್ರ ಅಧಿನಿಯಮ, 2009 ಸಹ ಅಳತೆಗಳಿಗೆ ಆ ಪದ್ಧತಿಯನ್ನೇ ಆಧಾರವಾಗಿಟ್ಟುಕೊಂಡಿದೆ. ಅಮೆರಿಕೆಯಲ್ಲಿ ಈ ವ್ಯತ್ಯಾಸವನ್ನು ಪ್ರಶ್ನಿಸಿ ಗ್ರಾಹಕರು ವೆಸ್ಟರ್ನ್ ಡಿಜಿಟಲ್ ಸಂಸ್ಥೆಯ ವಿರುದ್ಧ ಹೂಡಿದ್ದ ದಾವೆಯು 2006ರಲ್ಲಿ ರಾಜಿಯಲ್ಲಿ ಮುಕ್ತಾಯವಾಯಿತು. ಗಣಕಯಂತ್ರದ ರ‍್ಯಾಮ್ ಮಾತ್ರ ಇಂದಿಗೂ 1,024ರ ಲೆಕ್ಕದಲ್ಲಿಯೇ ಮಾರಾಟವಾಗುತ್ತದೆ. 8 ಜಿಬಿ ರ‍್ಯಾಮ್ ಎಂದರೆ ನಿಜವಾಗಿಯೂ 8 ಗಿಬಿಬೈಟ್.

ಎರಡೂ ಲೆಕ್ಕಗಳು ಬೆರೆತ ಒಂದು ವಿಚಿತ್ರ ಉದಾಹರಣೆಯೂ ಇದೆ. ಹಿಂದೆ ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದ್ದ 1.44 ಎಂಬಿ ಫ್ಲಾಪಿಯ ಸಾಮರ್ಥ್ಯ 14,74,560 ಬೈಟ್. ಸಾವಿರದ ಲೆಕ್ಕದಲ್ಲಿ ಅದು 1.47 ಮೆಗಾಬೈಟ್, 1,024ರ ಲೆಕ್ಕದಲ್ಲಿ 1.41 ಮೆಬಿಬೈಟ್. ಒಮ್ಮೆ 1,024ರಿಂದ, ಇನ್ನೊಮ್ಮೆ 1,000ದಿಂದ ಭಾಗಿಸಿದರೆ ಮಾತ್ರ 1.44 ಬರುತ್ತದೆ.

ಪರಿವರ್ತನೆಯ ಕ್ರಮ

ಸಾವಿರದ ಲೆಕ್ಕವನ್ನು ಲಕ್ಷ, ಕೋಟಿಗಳಲ್ಲಿ ನೆನಪಿಡುವುದು ಸುಲಭ.

1 ಕಿಲೋಬೈಟ್ = 1,000 ಬೈಟ್ (ಸಾವಿರ); 1 ಕಿಬಿಬೈಟ್ = 1,024 ಬೈಟ್
1 ಮೆಗಾಬೈಟ್ = 10,00,000 ಬೈಟ್ (ಹತ್ತು ಲಕ್ಷ); 1 ಮೆಬಿಬೈಟ್ = 10,48,576 ಬೈಟ್
1 ಗಿಗಾಬೈಟ್ = 1,00,00,00,000 ಬೈಟ್ (ನೂರು ಕೋಟಿ); 1 ಗಿಬಿಬೈಟ್ = 1,07,37,41,824 ಬೈಟ್
1 ಟೆರಾಬೈಟ್ = 10,00,00,00,00,000 ಬೈಟ್ (ಲಕ್ಷ ಕೋಟಿ); 1 ಟೆಬಿಬೈಟ್ = 10,99,51,16,27,776 ಬೈಟ್

ಅಳತೆ ದೊಡ್ಡದಾದಂತೆ ಎರಡು ಸಾಲುಗಳ ನಡುವಣ ಅಂತರವೂ ಬೆಳೆಯುತ್ತದೆ. ಕಿಲೋದಲ್ಲಿ ನೂರಕ್ಕೆ 2.4 ಇದ್ದದ್ದು ಮೆಗಾದಲ್ಲಿ ಸುಮಾರು 4.9, ಗಿಗಾದಲ್ಲಿ 7.4, ಟೆರಾದಲ್ಲಿ ಸುಮಾರು 10 ಆಗುತ್ತದೆ.

ಒಂದು ಲೆಕ್ಕದಿಂದ ಇನ್ನೊಂದಕ್ಕೆ ಹೋಗುವಾಗ ಮೊದಲು ಬೈಟಿಗೆ ಇಳಿದು, ಅನಂತರ ಮೇಲೇರುವುದು ತಪ್ಪಿಲ್ಲದ ಮಾರ್ಗ. ಉದಾಹರಣೆಗೆ 500 ಜಿಬಿ ಹಾರ್ಡ್ ಡಿಸ್ಕ್ ಎಂದರೆ 50,000 ಕೋಟಿ ಬೈಟ್. ಇದನ್ನು 1,07,37,41,824ರಿಂದ ಭಾಗಿಸಿದರೆ 465.7 ದೊರೆಯುತ್ತದೆ, ವಿಂಡೋಸ್ ತೋರಿಸುವುದು ಇದೇ ಸಂಖ್ಯೆಯನ್ನು. ಅಷ್ಟು ನಿಖರತೆ ಬೇಡವಾದಲ್ಲಿ ಗಿಗಾಬೈಟನ್ನು 0.931ರಿಂದ ಗುಣಿಸಿದರೆ ಗಿಬಿಬೈಟ್ ಬರುತ್ತದೆ, ಗಿಬಿಬೈಟನ್ನು 1.074ರಿಂದ ಗುಣಿಸಿದರೆ ಗಿಗಾಬೈಟ್ ಬರುತ್ತದೆ. ಬಾಯಿಲೆಕ್ಕಕ್ಕಾದರೆ ಜಿಬಿಯಲ್ಲಿ ನೂರಕ್ಕೆ ಏಳು, ಟಿಬಿಯಲ್ಲಿ ನೂರಕ್ಕೆ ಒಂಬತ್ತು ಕಳೆದರೆ ಸಾಕು.

ಈ ಬಾಯಿಲೆಕ್ಕದಿಂದ ಇನ್ನೊಂದು ಉಪಯೋಗವಿದೆ. 64 ಜಿಬಿ ಕಾರ್ಡು 59.6ರ ಆಸುಪಾಸಿನಲ್ಲಿ, 128 ಜಿಬಿ ಕಾರ್ಡು 119.2ರ ಆಸುಪಾಸಿನಲ್ಲಿ ತೋರಿಸಿದರೆ ಅದು ಸಹಜ. ಅದಕ್ಕಿಂತ ಬಹಳ ಕಡಿಮೆ ತೋರಿಸಿದರೆ ವಿಚಾರಿಸುವುದು ಯುಕ್ತ. ಮಾರುಕಟ್ಟೆಯಲ್ಲಿ ನಕಲಿ ಕಾರ್ಡುಗಳೂ ಇವೆ. ಇವುಗಳಲ್ಲಿ ಕೆಲವು ಹೆಚ್ಚಿನ ಸಾಮರ್ಥ್ಯವನ್ನು ಸುಳ್ಳಾಗಿ ತೋರಿಸಿ, ನಿಜವಾದ ಮಿತಿ ಮುಗಿದ ಮೇಲೆ ಬರುವ ಚಿತ್ರಗಳನ್ನು ಕಳೆದುಬಿಡುತ್ತವೆ ಅಥವಾ ಮೊದಲಿನವುಗಳ ಮೇಲೆಯೇ ಬರೆಯುತ್ತವೆ. ಇಂತಹವುಗಳನ್ನು ಪರದೆಯ ಮೇಲಿನ ಸಂಖ್ಯೆಯಿಂದ ಪತ್ತೆಹಚ್ಚಲಾಗದು. ಕಾರ್ಡನ್ನು ಪೂರ್ಣವಾಗಿ ತುಂಬಿಸಿ ಮರಳಿ ಓದಿ ನೋಡುವ ಪರೀಕ್ಷಾ ತಂತ್ರಾಂಶದಿಂದಲೇ ತಿಳಿಯಬೇಕು.

ಗುಡವಿಯ ಕೆರೆಯಂಚಿನಲ್ಲಿ

ಗುಡವಿಯು 1989ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. ಬಿಳಿ ಕೆಂಬರಲು, ಹಾವಕ್ಕಿ, ನೀರುಕಾಗೆ, ಬೆಳ್ಳಕ್ಕಿಗಳು ಇಲ್ಲಿಯ ಕೆರೆಯ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹಕ್ಕಿಗಳ ಚಿತ್ರಗಳನ್ನು ಪೂರ್ಣ ವಿವರಗಳೊಡನೆ ಉಳಿಸಿಕೊಳ್ಳಬಯಸುವವರು ಸಂಕುಚಿತಗೊಳಿಸದ ಅಥವಾ ಅಲ್ಪವೇ ಸಂಕುಚಿತಗೊಳಿಸಿದ 'ರಾ' ಮಾದರಿಯಲ್ಲಿ ಚಿತ್ರ ತೆಗೆಯುತ್ತಾರೆ. ಒಂದು ಚಿತ್ರಕ್ಕೆ 25 ಎಂಬಿ ಎಂದಿಟ್ಟುಕೊಂಡರೆ 64 ಜಿಬಿ ಕಾರ್ಡಿನಲ್ಲಿ 2,560 ಚಿತ್ರಗಳು ಹಿಡಿಯುತ್ತವೆ. ಇಲ್ಲಿ ಎರಡೂ ಸಂಖ್ಯೆಗಳನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಳ್ಳಲಾಗಿದೆ. ಚಿತ್ರದ ಗಾತ್ರವನ್ನು ವಿಂಡೋಸ್ ಪರದೆಯಿಂದಲೂ ಕಾರ್ಡಿನ ಗಾತ್ರವನ್ನು ಅದರ ಚೀಟಿಯಿಂದಲೂ ತೆಗೆದುಕೊಂಡು ಭಾಗಿಸಿದರೆ ಉತ್ತರ ತಪ್ಪುತ್ತದೆ. 25 ಮೆಬಿಬೈಟಿನ ಚಿತ್ರಗಳು ಅದೇ ಕಾರ್ಡಿನಲ್ಲಿ ಹಿಡಿಯುವುದು 2,441 ಮಾತ್ರ. ಹಾರುತ್ತಿರುವ ಹಕ್ಕಿಯನ್ನು ಹಿಡಿಯಲು ಸೆಕೆಂಡಿಗೆ ಹತ್ತು ಚಿತ್ರ ತೆಗೆಯುವ ಕ್ಯಾಮೆರಾಕ್ಕೆ ಈ 119 ಚಿತ್ರಗಳು ಹನ್ನೆರಡು ಸೆಕೆಂಡಿನ ಕೆಲಸ.

ಚಲನಚಿತ್ರದ ಗುಣಮಟ್ಟವನ್ನು ಬಿಟ್ಟಿನಲ್ಲಿ ಹೇಳುವುದು ವಾಡಿಕೆ. ಕ್ಯಾಮೆರಾವು ಸೆಕೆಂಡಿಗೆ 50 ಮೆಗಾಬಿಟ್‌ನಂತೆ ದಾಖಲಿಸುತ್ತಿದ್ದರೆ, 8ರಿಂದ ಭಾಗಿಸಿ ಸೆಕೆಂಡಿಗೆ 6.25 ಮೆಗಾಬೈಟ್ ಎಂದು ತಿಳಿಯಬೇಕು. 64 ಜಿಬಿ ಕಾರ್ಡು 10,240 ಸೆಕೆಂಡಿಗೆ, ಎಂದರೆ 2 ಗಂಟೆ 50 ನಿಮಿಷಕ್ಕೆ ತುಂಬುತ್ತದೆ.

32 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಕಾರ್ಡುಗಳಲ್ಲಿ ಬೇರೊಂದು ಮಿತಿಯಿದೆ. ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ಫ್ಯಾಟ್-32 ಎಂಬ ಕಡತ ವ್ಯವಸ್ಥೆಯಲ್ಲಿ ಒಂದು ಕಡತವು 4 ಗಿಬಿಬೈಟಿಗೆ ಒಂದು ಬೈಟ್ ಕಡಿಮೆ, ಅಂದರೆ 4,29,49,67,295 ಬೈಟುಗಳನ್ನು ಮೀರುವಂತಿಲ್ಲ. ಮೇಲಿನ ವೇಗದಲ್ಲಿ ಸುಮಾರು ಹನ್ನೊಂದೂವರೆ ನಿಮಿಷಕ್ಕೆ ಕಡತ ತುಂಡಾಗುತ್ತದೆ. ಪೆನ್ ಡ್ರೈವಿನಲ್ಲಿ ಸಾಕಷ್ಟು ಜಾಗವಿದ್ದರೂ ದೊಡ್ಡ ಕಡತವೊಂದು ನಕಲಾಗದೆ ಹೋದಾಗ ಹಲವೊಮ್ಮೆ ಕಾರಣ ಇದೇ ಆಗಿರುತ್ತದೆ.

ಕನ್ನಡ ಅಕ್ಷರದ ಗಾತ್ರ

ಕನ್ನಡಿಗರಿಗೆ ಬಹಳ ಹತ್ತಿರದ್ದಾದರೂ ಕಡಿಮೆ ಚರ್ಚಿತವಾದ ವಿಷಯವಿದು. ರೋಮನ್ ಲಿಪಿಯ ಒಂದು ಅಕ್ಷರಕ್ಕೆ ಗಣಕದಲ್ಲಿ ಒಂದು ಬೈಟ್ ಸಾಕು. ಭಾರತೀಯ ಲಿಪಿಗಳಿಗಾಗಿ 1991ರಲ್ಲಿ ಭಾರತೀಯ ಮಾನಕ ಬ್ಯೂರೋ ಅಂಗೀಕರಿಸಿದ ಇಸ್ಕಿ ಸಂಕೇತದಲ್ಲಿಯೂ ಕನ್ನಡದ ಪ್ರತಿ ಸಂಕೇತಕ್ಕೆ ಒಂದೇ ಬೈಟ್ ಇದ್ದಿತು. ಈಗ ಸಾರ್ವತ್ರಿಕವಾಗಿರುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ಜಾಲತಾಣಗಳಲ್ಲಿ ಬಳಕೆಯಾಗುವ ಯುಟಿಎಫ್-8 ರೂಪದಲ್ಲಿ ಇವುಗಳಲ್ಲಿ ಪ್ರತಿಯೊಂದೂ ಮೂರು ಬೈಟ್ ತೆಗೆದುಕೊಳ್ಳುತ್ತದೆ. ಯುಟಿಎಫ್-16 ರೂಪದಲ್ಲಿ ಎರಡು ಬೈಟ್.

ಇಲ್ಲಿ ಎಣಿಕೆಗೆ ಬರುವುದು ಕಣ್ಣಿಗೆ ಕಾಣುವ ಅಕ್ಷರವಲ್ಲ, ಅದರೊಳಗಿನ ಸಂಕೇತಗಳು. 'ಗುಡವಿ' ಎಂಬುದು ಓದುವಾಗ ಮೂರು ಅಕ್ಷರ. ಗಣಕಕ್ಕೆ ಅದು ಗ, ಉಕಾರದ ಚಿಹ್ನೆ, ಡ, ವ, ಇಕಾರದ ಚಿಹ್ನೆ ಎಂಬ ಐದು ಸಂಕೇತ. ಯುಟಿಎಫ್-8ರಲ್ಲಿ 15 ಬೈಟ್. 'ಸೊರಬ' 12 ಬೈಟ್, 'ಶಿಕಾರಿಪುರ' 27 ಬೈಟ್. ಒತ್ತಕ್ಷರ ಬಂದಾಗ ವಿರಾಮದ ಸಂಕೇತವೂ ಸೇರುತ್ತದೆ. 'ಲಕ್ಷ್ಮೀ' ಎಂಬ ಎರಡಕ್ಷರದ ಹೆಸರಿನಲ್ಲಿ ಏಳು ಸಂಕೇತಗಳಿದ್ದು 21 ಬೈಟ್ ಆಗುತ್ತದೆ.

ಕಡತಗಳ ಗಾತ್ರದಲ್ಲಿ ಇದರಿಂದ ದೊಡ್ಡ ಹಾನಿಯಿಲ್ಲ. ಮೊಬೈಲ್ ಸಂದೇಶದಲ್ಲಿ ಮಾತ್ರ ಇದು ನೇರವಾಗಿ ವೆಚ್ಚಕ್ಕೆ ಸಂಬಂಧಿಸಿದೆ. ಒಂದು ಎಸ್‌ಎಂಎಸ್ ಸಂದೇಶದ ಗಾತ್ರ 140 ಬೈಟ್, ಅಂದರೆ 1,120 ಬಿಟ್. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್‌ನಂತೆ 160 ಅಕ್ಷರಗಳು ಹಿಡಿಯುತ್ತವೆ. ಕನ್ನಡಕ್ಕೆ 16 ಬಿಟ್‌ನಂತೆ 70 ಸಂಕೇತಗಳು ಮಾತ್ರ. ಸಂದೇಶ ಅದಕ್ಕಿಂತ ಉದ್ದವಾದರೆ ಭಾಗಗಳಾಗಿ ಒಡೆಯುತ್ತದೆ. ಭಾಗಗಳನ್ನು ಮರಳಿ ಜೋಡಿಸುವ ಸೂಚನೆಗೂ ಜಾಗ ಬೇಕಾಗುವುದರಿಂದ ಪ್ರತಿ ಭಾಗದಲ್ಲಿ 67 ಸಂಕೇತಗಳಷ್ಟೇ ಉಳಿಯುತ್ತವೆ. ಇಂಗ್ಲಿಷಿನಲ್ಲಿ ಒಂದು ಸಂದೇಶದಲ್ಲಿ ಮುಗಿಯುವ ಸೂಚನೆ ಕನ್ನಡದಲ್ಲಿ ಮೂರು ಸಂದೇಶಗಳಾಗುವುದುಂಟು. ಈ ಕಾರಣವನ್ನು ಮುಂದೊಡ್ಡಿ ರೈತರಿಗೆ ಇಂಗ್ಲಿಷ್ ಸಂದೇಶ ಕಳುಹಿಸುವುದು ಸಮರ್ಥನೀಯವಲ್ಲ. ವಾಕ್ಯವನ್ನು ಕಿರಿದುಗೊಳಿಸಿ ಬರೆಯುವುದೇ ಸರಿಯಾದ ಉಪಾಯ.

ಕಡತಗಳ ಹೆಸರಿಗೂ ಇದು ಅನ್ವಯಿಸುತ್ತದೆ. ಲಿನಕ್ಸ್ ಗಣಕಗಳಲ್ಲಿ ಹೆಸರಿನ ಮಿತಿ ಸಾಮಾನ್ಯವಾಗಿ 255 ಬೈಟ್ ಆಗಿರುತ್ತದೆ. ಕನ್ನಡದಲ್ಲಿ ಅದು 85 ಸಂಕೇತಗಳಿಗೆ ಮುಗಿಯುತ್ತದೆ.

ಆದರೂ ಪಠ್ಯವು ಚಿತ್ರಕ್ಕಿಂತ ಎಷ್ಟೋ ಹಗುರ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಂತಹ ಊರಿನ ಶಾಸನವೊಂದರ ಪಾಠ ಒಂದು ಸಾವಿರ ಸಂಕೇತಗಳಷ್ಟಿದ್ದರೆ ಅದಕ್ಕೆ ಬೇಕಾಗುವುದು 3 ಕೆಬಿ. ಅದೇ ಕಲ್ಲಿನ 6 ಎಂಬಿ ಛಾಯಾಚಿತ್ರದ ಜಾಗದಲ್ಲಿ ಅಂತಹ ಎರಡು ಸಾವಿರ ಪಾಠಗಳನ್ನು ಇಡಬಹುದು. ಅಕ್ಷರದ ಸವೆತವನ್ನು ಪರಿಶೀಲಿಸುವ ಸಂಶೋಧಕರಿಗೆ ಚಿತ್ರವೇ ಬೇಕಾಗುತ್ತದೆ ಎಂಬುದು ಬೇರೆ ಮಾತು.

ಅರ್ಜಿಯೊಡನೆ ಸಲ್ಲಿಸುವ ಕಡತಗಳು

ಸೇವಾ ಸಿಂಧು ಮೊದಲಾದ ಜಾಲತಾಣಗಳಲ್ಲಿಯೂ ನೇಮಕಾತಿ ಮತ್ತು ಪ್ರವೇಶದ ಅರ್ಜಿಗಳಲ್ಲಿಯೂ ಭಾವಚಿತ್ರ, ಸಹಿ, ದಾಖಲೆಗಳಿಗೆ ಗರಿಷ್ಠ ಗಾತ್ರವನ್ನು ನಿಗದಿಪಡಿಸುವ ಪದ್ಧತಿಯಿದೆ. ಕೊನೆಯ ದಿನದಂದು ಕಡತ ತಿರಸ್ಕೃತವಾದರೆ ಅರ್ಜಿದಾರರಿಗೆ ಒಂದು ವರ್ಷವೇ ನಷ್ಟವಾಗಬಹುದು. ಉದಾಹರಣೆಗೆ ಭಾವಚಿತ್ರ 50 ಕೆಬಿ ಮೀರಬಾರದೆಂಬ ಸೂಚನೆ ಇದೆಯೆಂದು ಭಾವಿಸಬಹುದು. 50,800 ಬೈಟಿನ ಚಿತ್ರವನ್ನು ವಿಂಡೋಸ್ 49.6 ಕೆಬಿ ಎಂದು ತೋರಿಸುತ್ತದೆ. ಜಾಲತಾಣದ ತಂತ್ರಾಂಶವು ಮಿತಿಯನ್ನು 50,000 ಬೈಟ್ ಎಂದು ಎಣಿಸುತ್ತಿದ್ದರೆ ಅದೇ ಚಿತ್ರ ತಿರಸ್ಕೃತವಾಗುತ್ತದೆ. 51,200 ಎಂದು ಎಣಿಸುತ್ತಿದ್ದರೆ ಸ್ವೀಕೃತವಾಗುತ್ತದೆ. ಯಾವ ಲೆಕ್ಕವೆಂಬುದು ಸೂಚನೆಯಲ್ಲಿ ಇರುವುದು ಅಪರೂಪ. ಆದುದರಿಂದ ಅರ್ಜಿದಾರರು ಸಾವಿರದ ಲೆಕ್ಕವನ್ನೇ ಹಿಡಿದು, ಅದಕ್ಕಿಂತಲೂ ತುಸು ಕಡಿಮೆ ಇರಿಸಿಕೊಳ್ಳತಕ್ಕದ್ದು. 2 ಎಂಬಿ ಮಿತಿಯಿದ್ದಲ್ಲಿ 20 ಲಕ್ಷ ಬೈಟನ್ನು ದಾಟದಿದ್ದರೆ ಯಾವ ಲೆಕ್ಕದಲ್ಲಿಯೂ ತೊಡಕಿಲ್ಲ.

ಕಡತದ ನಿಖರ ಗಾತ್ರವನ್ನು ತಿಳಿಯಲು ವಿಂಡೋಸ್‌ನಲ್ಲಿ ಕಡತದ ಮೇಲೆ ಬಲ ಗುಂಡಿ ಒತ್ತಿ ಗುಣಲಕ್ಷಣಗಳ ಪುಟವನ್ನು ತೆರೆಯಬೇಕು. ಅಲ್ಲಿ ಬೈಟುಗಳ ಸಂಖ್ಯೆ ಆವರಣದಲ್ಲಿರುತ್ತದೆ. ಅದರ ಕೆಳಗೆ ಡಿಸ್ಕಿನಲ್ಲಿ ಆಕ್ರಮಿಸಿದ ಗಾತ್ರವೆಂದು ಇನ್ನೊಂದು ಸಂಖ್ಯೆಯಿರುತ್ತದೆ. ಡಿಸ್ಕು ಜಾಗವನ್ನು 4,096 ಬೈಟುಗಳಂತಹ ಕಂತುಗಳಲ್ಲಿ ಹಂಚುವುದರಿಂದ 5,000 ಬೈಟಿನ ಕಡತ ಅಲ್ಲಿ 8,192 ಎಂದು ಕಾಣುತ್ತದೆ. ಅರ್ಜಿಗೆ ಸಂಬಂಧಿಸಿದ್ದು ಮೊದಲನೆಯ ಸಂಖ್ಯೆ ಮಾತ್ರ.

ಸ್ಕ್ಯಾನ್ ಮಾಡಿದ ಪುಟದ ಗಾತ್ರವನ್ನು ಮೊದಲೇ ಲೆಕ್ಕ ಹಾಕಬಹುದು. ಎ-4 ಹಾಳೆಯನ್ನು ಅಂಗುಲಕ್ಕೆ 300 ಚುಕ್ಕಿಗಳಂತೆ ಸ್ಕ್ಯಾನ್ ಮಾಡಿದರೆ 2,480ಕ್ಕೆ 3,508ರಂತೆ 86,99,840 ಚುಕ್ಕಿಗಳಾಗುತ್ತವೆ. ಬಣ್ಣದಲ್ಲಿ ಚುಕ್ಕಿಗೆ 3 ಬೈಟ್‌ನಂತೆ ಸುಮಾರು 26.1 ಎಂಬಿ. ಬೂದು ಛಾಯೆಯಲ್ಲಿ 1 ಬೈಟ್‌ನಂತೆ 8.7 ಎಂಬಿ. ಶುದ್ಧ ಕಪ್ಪು-ಬಿಳುಪಿನಲ್ಲಿ ಚುಕ್ಕಿಗೆ 1 ಬಿಟ್ ಮಾತ್ರವಾದುದರಿಂದ 1.09 ಎಂಬಿ. ಇವು ಸಂಕುಚಿತಗೊಳಿಸುವ ಮೊದಲಿನ ಗಾತ್ರಗಳು. ಜೆಪೆಗ್ ಅಥವಾ ಪಿಡಿಎಫ್ ರೂಪದಲ್ಲಿ ಉಳಿಸಿದಾಗ ಬಹಳಷ್ಟು ಇಳಿಯುತ್ತವೆ. ಚುಕ್ಕಿಗಳನ್ನು ಅಂಗುಲಕ್ಕೆ 150ಕ್ಕೆ ಇಳಿಸಿದರೆ ಗಾತ್ರ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಉದ್ದ, ಅಗಲ ಎರಡೂ ಅರ್ಧವಾಗುವುದೇ ಇದಕ್ಕೆ ಕಾರಣ. ಅಂಕಪಟ್ಟಿಯನ್ನು 300 ಚುಕ್ಕಿಗಳ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿ, ಅನಂತರ ಮಿತಿಯೊಳಗೆ ತರಲು ಅತಿಯಾಗಿ ಸಂಕುಚಿತಗೊಳಿಸಿದರೆ ಮೊಹರು ಮತ್ತು ಸಹಿ ಮಸುಕಾಗಿ ಪರಿಶೀಲನೆಯಲ್ಲಿ ತೊಂದರೆಯಾಗುತ್ತದೆ. 150 ಚುಕ್ಕಿಗಳ ಬೂದು ಛಾಯೆ ಹಲವು ದಾಖಲೆಗಳಿಗೆ ಸಾಕಾಗುತ್ತದೆ.

ಸಂಪರ್ಕದ ವೇಗ

ಅಂತರಜಾಲದ ವೇಗವನ್ನು ಬಿಟ್ಟಿನಲ್ಲಿಯೂ ಕಡತವನ್ನು ಬೈಟಿನಲ್ಲಿಯೂ ಅಳೆಯುವುದರಿಂದ 8ರ ಭಾಗಾಕಾರ ಇಲ್ಲಿ ಅನಿವಾರ್ಯ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎನಿಸಿಕೊಳ್ಳಲು ಇರಬೇಕಾದ ಕನಿಷ್ಠ ವೇಗವನ್ನು 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಎಂದು ನಿಗದಿಪಡಿಸಲಾಗಿದ್ದಿತು. ಮುಂದೆ ಅದು 512 ಕಿಲೋಬಿಟ್ ಆಗಿ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಮೊದಲಿನ ವೇಗ ಸೆಕೆಂಡಿಗೆ 32 ಕಿಲೋಬೈಟ್‌ಗೆ ಸಮ, ಈಗಿನದು 250 ಕಿಲೋಬೈಟ್‌ಗೆ ಸಮ. 2 ಎಂಬಿ ದಾಖಲೆಯನ್ನು ಈಗಿನ ಕನಿಷ್ಠ ವೇಗದಲ್ಲಿ ತರಿಸಿಕೊಳ್ಳಲು 8 ಸೆಕೆಂಡು ಬೇಕು. ಕಳುಹಿಸುವ ವೇಗ ಹಲವು ಸಂಪರ್ಕಗಳಲ್ಲಿ ತರಿಸಿಕೊಳ್ಳುವ ವೇಗಕ್ಕಿಂತ ಕಡಿಮೆ ಇರುತ್ತದೆಂಬುದನ್ನು ಅರ್ಜಿದಾರರು ಗಮನದಲ್ಲಿಡಬೇಕು.

ಗುಡವಿಯಲ್ಲಿ ತುಂಬಿದ 64 ಜಿಬಿ ಕಾರ್ಡಿನ ಚಿತ್ರಗಳನ್ನು ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಕಳುಹಿಸಲು 2,56,000 ಸೆಕೆಂಡು, ಅಂದರೆ 71 ಗಂಟೆ ಬೇಕಾಗುತ್ತದೆ. ಅದೇ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಸುಮಾರು 16 ಕಿಲೋಮೀಟರ್ ದೂರದ ಸೊರಬಕ್ಕೆ ಒಂದು ಗಂಟೆಯಲ್ಲಿ ತಲುಪಿಸಿದರೆ, ದತ್ತಾಂಶವು ಸೆಕೆಂಡಿಗೆ 142 ಮೆಗಾಬಿಟ್ ವೇಗದಲ್ಲಿ ಸಾಗಿದಂತಾಗುತ್ತದೆ. ದೊಡ್ಡ ಪ್ರಮಾಣದ ದತ್ತಾಂಶವನ್ನು ಹಾರ್ಡ್ ಡಿಸ್ಕಿನಲ್ಲಿ ತುಂಬಿ ವಾಹನದಲ್ಲಿ ಕಳುಹಿಸುವ ಪದ್ಧತಿ ಇಂದಿಗೂ ಉಳಿದಿರುವುದು ಈ ಲೆಕ್ಕದಿಂದಲೇ.

ದಾಖಲೆಗಳ ಸಂಗ್ರಹಕ್ಕೆ ಬೇಕಾಗುವ ಜಾಗ

ಸಣ್ಣ ಕಡತದಲ್ಲಿ ಕೆಲವು ಬೈಟುಗಳ ವ್ಯತ್ಯಾಸವಾಗಿರುವುದು ಸಾರ್ವಜನಿಕ ದಾಖಲೆಗಳ ಪ್ರಮಾಣದಲ್ಲಿ ಎಷ್ಟಾಗುತ್ತದೆಂಬುದಕ್ಕೆ ಭೂ ದಾಖಲೆಗಳೇ ಉತ್ತಮ ನಿದರ್ಶನ. ಕರ್ನಾಟಕದ ಭೂಮಿ ಯೋಜನೆಯಡಿ, ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದ ನೆರವಿನಿಂದ, 2000ದ ದಶಕದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ಲೆಕ್ಕದ ಅನುಕೂಲಕ್ಕಾಗಿ ಪ್ರತಿ ಪಹಣಿಯ ಪಠ್ಯಕ್ಕೆ 5 ಕೆಬಿ ಎಂದಿಟ್ಟುಕೊಂಡರೆ ಒಟ್ಟು 10,000 ಕೋಟಿ ಬೈಟ್, ಅಂದರೆ 100 ಜಿಬಿ ಆಗುತ್ತದೆ. ಇಂದು ಅದು ಎರಡು ಮೆಮೊರಿ ಕಾರ್ಡುಗಳಲ್ಲಿ ಹಿಡಿಯುವಷ್ಟು.

ಕೈಬರಹದ ಹಳೆಯ ದಾಖಲೆಗಳನ್ನು ಹೀಗೆ ಪಠ್ಯವಾಗಿ ನಮೂದಿಸಲಾಗದು. ಚಿತ್ರಗಳಾಗಿ ಸ್ಕ್ಯಾನ್ ಮಾಡಬೇಕಾಗುತ್ತದೆ. ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಇಂತಹ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಯಿತು. ಉದಾಹರಣೆಗೆಂದು ಹಾಳೆಯೊಂದಕ್ಕೆ 200 ಕೆಬಿಯಂತೆ 2 ಕೋಟಿ ಹಾಳೆಗಳನ್ನು ಲೆಕ್ಕ ಹಾಕಿದರೆ 4 ಲಕ್ಷ ಕೋಟಿ ಬೈಟ್, ಅಂದರೆ 4 ಟಿಬಿ ಬೇಕಾಗುತ್ತದೆ. ಪಠ್ಯದ ನಲವತ್ತು ಪಟ್ಟು.

ಇಲ್ಲಿ ಅಂದಾಜು ಮಾಡಿದವರು 1,024ರ ಲೆಕ್ಕದಲ್ಲಿ 4 ಟಿಬಿ ಎಂದು ಬರೆದು, ಸರಬರಾಜು ಮಾಡಿದವರು ಸಾವಿರದ ಲೆಕ್ಕದ 4 ಟಿಬಿ ಡಿಸ್ಕುಗಳನ್ನು ತಂದರೆ ಸುಮಾರು 398 ಜಿಬಿ ಕೊರತೆ ಬೀಳುತ್ತದೆ. ಮೇಲಿನ ದರದಲ್ಲಿ 19.9 ಲಕ್ಷ ಹಾಳೆಗಳಿಗೆ ಜಾಗವೇ ಇರುವುದಿಲ್ಲ. ಒಂದು ಪ್ರತಿಯನ್ನು ಬೇರೆಡೆ ಕಾದಿರಿಸುವ ವ್ಯವಸ್ಥೆಯಿದ್ದರೆ ಕೊರತೆ ಎರಡು ಪಟ್ಟು. ಎರಡು ಪಕ್ಷದವರೂ ಬರೆದುದು 4 ಟಿಬಿ ಎಂದೇ ಆದುದರಿಂದ ತಪ್ಪು ಯಾರದೆಂದು ನಿರ್ಧರಿಸುವುದೂ ಕಷ್ಟ. ಖರೀದಿಯ ಟೆಂಡರ್ ಪತ್ರಗಳಲ್ಲಿ ಸಾಮರ್ಥ್ಯವನ್ನು ಟೆರಾಬೈಟ್ ಅಥವಾ ಟೆಬಿಬೈಟ್ ಎಂದು ಸ್ಪಷ್ಟಪಡಿಸಿ, ಪಕ್ಕದಲ್ಲಿ ಬೈಟುಗಳ ಪೂರ್ಣ ಸಂಖ್ಯೆಯನ್ನೂ ನಮೂದಿಸತಕ್ಕದ್ದು. ಕಡತ ವ್ಯವಸ್ಥೆಯು ತನ್ನ ಸೂಚಿಗಾಗಿ ಬಳಸಿಕೊಳ್ಳುವ ಜಾಗವನ್ನು ಇದರಲ್ಲಿ ಸೇರಿಸಿದೆಯೇ ಇಲ್ಲವೇ ಎಂಬುದನ್ನೂ ಅಲ್ಲಿಯೇ ಬರೆಯಬೇಕು.